ಎಟೆಲ್ವಿನಾಳ ಎರಡು ದಾರಗಳು

ಸಾಲಾಸ್ ಊರಿನಲ್ಲಿ ಮದ್ದು ಕೊಡುವವರಿಗೆ ಬರವಿಲ್ಲ. ಬೀದಿಗಿಬ್ಬರಂತೆ ಇದ್ದಾರೆ, ಅವರಲ್ಲಿ ಅರ್ಧ ಜನ ಉಳಿದರ್ಧ ಜನರನ್ನು ಮೋಸಗಾರರೆಂದೇ ಕರೆಯುತ್ತಾರೆ. ಮದ್ದು ಕೊಡುವವರ ಹೆಸರು ಕೇಳಿಕೊಂಡು ರಾಜಧಾನಿ ಲೀಮಾದಿಂದಲೂ ಜನ ಬಸ್ಸು ಹತ್ತಿ ಬರುತ್ತಾರೆ. ಅದೇ ಮದ್ದನ್ನು ಬೆಳಗಿನಿಂದ ಒಲೆಯ ಮುಂದೆ ಕೂತು ಕುದಿಸಿದವರ ಹೆಸರು ಪಕ್ಕದ ಬೀದಿಯವರಿಗೂ ಗೊತ್ತಿರುವುದಿಲ್ಲ. ಇದು ನ್ಯಾಯವಲ್ಲ, ಆದರೆ ಊರು ನಡೆಯುವುದೇ ಹೀಗೆ.

ಎಟೆಲ್ವಿನಾ ಕಾಹುಸೊಲ್ ಕುದಿಸುವವಳು. ಮದ್ದು ಕೊಡುವ ಗುರು, ಊರವರ ಬಾಯಲ್ಲಿ ಮಾಯೆಸ್ತ್ರೊ, ಗುಮೆರ್ಸಿಂದೊ ಅವರ ಹಿತ್ತಿಲಲ್ಲಿ ಮೂವತ್ತನಾಲ್ಕು ವರ್ಷ, ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಸಾನ್ ಪೆದ್ರೊ ಕಳ್ಳಿಯ ಕಷಾಯ ಕುದಿಸಿದಳು. ಗಿಡ್ಡ ಆಳು, ಎರಡು ನರೆತ ಜಡೆ, ತಲೆಯ ಮೇಲೆ ಯಾವಾಗಲೂ ಒಂದು ಹುಲ್ಲಿನ ಟೋಪಿ. ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ, "ವಾರಕ್ಕೆ ಎರಡು ದಿನ ಕಹಿ ಕುಡೀತೀನಲ್ಲ, ಮಿಕ್ಕ ಐದು ದಿನಾನೂ ಯಾಕೆ ಕುಡೀಲಿ?" ಎನ್ನುತ್ತಿದ್ದಳು.

ಕೆಲಸ ಬೆಳಗಿನ ಆರಕ್ಕೇ ಶುರು. ಕಳ್ಳಿ ಎಂದರೆ ಕಂಬದ ಹಾಗೆ ನೆಟ್ಟಗೆ ನಿಲ್ಲುವ, ಏಣು ಏಣಾದ ಕಳ್ಳಿ. ಮುಳ್ಳು ಕೆರೆದು, ಮೇಲಿನ ತೆಳು ಪೊರೆ ಸುಲಿದು, ಒಳಗಿನ ಬಿಳಿ ದಿಂಡನ್ನು ಗುಂಡಿಗೆ ಎಸೆದು, ನಡುವೆ ಉಳಿಯುವ ಹಸಿರು ಪದರವನ್ನಷ್ಟೇ ಹೆಚ್ಚಿ ಹಾಕಬೇಕು. ಸತ್ವವೆಲ್ಲ ಇರುವುದು ಆ ಹಸಿರಿನಲ್ಲಿ. ಜಾಲಿ ಕಟ್ಟಿಗೆಯ ಬೆಂಕಿಯ ಮೇಲೆ ಅದು ಮಧ್ಯಾಹ್ನ ಎರಡರವರೆಗೆ ಕುದಿಯುತ್ತದೆ. ನಡುಹಗಲು ಹನ್ನೆರಡಕ್ಕೆ ಒಂದು ಸಲ, ಇಳಿಸುವ ಮುಂಚೆ ಇನ್ನೊಂದು ಸಲ, ಎಟೆಲ್ವಿನಾ ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸಿ, ಬೂದಿಯ ಮೇಲೆ ಉಗುಳುತ್ತಿದ್ದಳು. ಆಮೇಲೆ ಸೀಸೆಗೆ ಸೋಸಿ ಅದರ ಕುತ್ತಿಗೆಗೊಂದು ದಾರ ಕಟ್ಟುತ್ತಿದ್ದಳು. ಸಾಧಾರಣವಾಗಿದ್ದರೆ ಬಿಳಿ ದಾರ, ಕುಡಿಯುವವರಿಗೆ ತುಂಬು ಲೋಟ. ಖಡಕ್ಕಾಗಿದ್ದರೆ ಕೆಂಪು ದಾರ, ಅರ್ಧ ಲೋಟ ಮಾತ್ರ. ಒಂದು ಕಳ್ಳಿಯ ಹಾಗೆ ಇನ್ನೊಂದು ಇರುವುದಿಲ್ಲ. ಒಂದೇ ಬುಡದ ಎರಡು ಕೊಂಬೆಗಳಲ್ಲೇ ಒಂದು ನೀರಿನ ಹಾಗೆ, ಇನ್ನೊಂದು ಎದೆ ನಡುಗಿಸುವ ಹಾಗೆ ಇದ್ದೀತು. ಆದ್ದರಿಂದ ಮಾಯೆಸ್ತ್ರೊ ರಾತ್ರಿ ಪೂಜೆಗೆ ಕೂತಾಗ ಮೊದಲು ನೋಡುತ್ತಿದ್ದುದು ಸಂತರ ಪಟಗಳನ್ನಲ್ಲ, ಸೀಸೆಯ ಕುತ್ತಿಗೆಯನ್ನು. ಅಷ್ಟು ಹೊತ್ತಿಗೆ ಎಟೆಲ್ವಿನಾ ಮೂರು ಮನೆ ಆಚೆ ತನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳ ದಾರ ನಂಬಿ ಯಾರಿಗೂ ಕೆಡುಕಾಗಿರಲಿಲ್ಲ.

ಕೊರೊನಾ ಎರಡನೆಯ ಸಲ ಬಂದಾಗ ಅವಳ ತಮ್ಮ ಫಿದೆನ್ಸಿಯೊನನ್ನು ಒಂಬತ್ತು ದಿನದಲ್ಲಿ ಕರೆದುಕೊಂಡು ಹೋಯಿತು. ಅವಳನ್ನು ಬಿಟ್ಟು ಹೋಯಿತು. ಜ್ವರ ಇಳಿದ ಮೊದಲ ಸೋಮವಾರ ಅವಳು ಎಂದಿನಂತೆ ಮೆಕ್ಕೆಜೋಳದ ಹಿಟ್ಟು ಕದಡಿ, ಕೊತ್ತಂಬರಿ ಅರೆದು ಹಾಕಿ, ಮಾಂಸದ ಗಟ್ಟಿ ಸಾರು ಮಾಡಿದಳು. ಬಾಯಿಗಿಟ್ಟರೆ ಬಿಸಿಯಿತ್ತು, ಗಟ್ಟಿಯಿತ್ತು, ರುಚಿಯಿರಲಿಲ್ಲ. ಉಪ್ಪಿನ ಡಬ್ಬಿಗೆ ಬೆರಳದ್ದಿ ನೆಕ್ಕಿದಳು, ಮರಳು ನೆಕ್ಕಿದಂತಾಯಿತು. ಮರುದಿನ ಮಂಗಳವಾರ. ಕುದಿಯುವ ಕಷಾಯದ ಚಮಚ ಬಾಯಿಗೆ ಹೋಯಿತು, ಉಗುಳಿದಳು, ಏನೂ ಗೊತ್ತಾಗಲಿಲ್ಲ. ಮಾಯೆಸ್ತ್ರೊ ಆಚೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಅವಳ ಕೈ ತಾನಾಗಿಯೇ ಕೆಂಪು ದಾರಕ್ಕೆ ಹೋಯಿತು.

ಅವಳ ಲೆಕ್ಕಾಚಾರ ತಪ್ಪೆಂದು ಹೇಳುವಂತಿಲ್ಲ. ಮದ್ದು ಹೆಚ್ಚಾದರೆ ಕುಡಿದವನ ಎದೆ ಬಾಯಿಗೆ ಬರುತ್ತದೆ. ಕಡಿಮೆಯಾದರೆ ಒಂದಿಷ್ಟು ಆಕಳಿಸಿ ಮನೆಗೆ ಹೋಗುತ್ತಾನೆ. ನಾಳೆ ರುಚಿ ಬಂದೀತು, ನಾಡಿದ್ದು ಬಂದೀತು ಎಂದು ಕಾದಳು. ಹದಿನಾಲ್ಕು ತಿಂಗಳು ಪ್ರತಿ ಸೀಸೆಗೂ ಕೆಂಪು ದಾರವೇ ಬಿತ್ತು. ಪ್ರತಿಯೊಬ್ಬರಿಗೂ ಅರ್ಧ ಲೋಟ. ದೂರದಿಂದ ದುಃಖ ಹೊತ್ತು ಬಂದವರು ಅದೇ ದುಃಖ ಹೊತ್ತು ವಾಪಸು ಹೋಗತೊಡಗಿದರು. ಗುಮೆರ್ಸಿಂದೊಗೆ ಕೈಗುಣ ಹೋಯಿತಂತೆ ಎಂಬ ಗಾಳಿಮಾತು ಎದ್ದಿತು. ಎಬ್ಬಿಸಿದವರು ಯಾರೆಂದು ಹೇಳಬೇಕಾಗಿಲ್ಲ, ಬೀದಿಗಿಬ್ಬರಿದ್ದಾರೆ ಎಂದು ಮೊದಲೇ ಹೇಳಿಯಾಗಿದೆ.

ಒಂದು ದಿನ ಮಾಯೆಸ್ತ್ರೊ ಒಲೆಯ ಹತ್ತಿರ ಬಂದು ಕೂತರು.

"ದೊನ್ಯಾ, ಏನಾಗಿದೆ ಈ ಕಳ್ಳಿಗಳಿಗೆ? ಕುಡಿದೋರು ಬೆಳಿಗ್ಗೆ ಎದ್ದು ಕಾಫಿ ಕೊಡಿ ಅಂತಾರೆ. ಅಷ್ಟೇ."

"ಮಳೆ ಜಾಸ್ತಿ ಆಯ್ತು ಮಾಯೆಸ್ತ್ರೊ. ನೀರು ಕುಡಿದು ಊದ್ಕೊಂಡಿವೆ."

"ಊದ್ಕೊಂಡ್ರೆ ಸಪ್ಪೆ ಆಗ್ಬೇಕು. ನೀವು ನೋಡಿದ್ರೆ ಕೆಂಪು ದಾರ ಕಟ್ತಾ ಇದ್ದೀರಿ."

ಎಟೆಲ್ವಿನಾ ಬೆಂಕಿಗೆ ಕಟ್ಟಿಗೆ ತಳ್ಳುವ ನೆಪದಲ್ಲಿ ಬಗ್ಗಿದಳು. "ನಾಲಿಗೆಗೆ ಕಹಿ ಸಿಗ್ತಿದೆ. ಒಳಗೆ ಏನಾಗಿದೆಯೋ ನನಗೇನು ಗೊತ್ತು?"

"ಅದೂ ಸರಿ. ನಿಮ್ಮ ನಾಲಿಗೆ ಮೇಲೆ ನನಗೆ ಅನುಮಾನ ಇಲ್ಲ," ಎಂದು ಅವರು ಮಂಡಿ ಹಿಡಿದುಕೊಂಡು ಎದ್ದು ಹೋದರು. ಅನುಮಾನ ಪಟ್ಟಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಫಿದೆನ್ಸಿಯೊನ ಮಗಳು ಯೆಸೆನಿಯಾ. ತಾಯಿ ಮೊದಲೇ ಇರಲಿಲ್ಲ, ಈಗ ಅಪ್ಪನೂ ಇಲ್ಲ. ಲಂಬಾಯೆಕೆಯಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದಳು, ಶನಿವಾರ ಅತ್ತೆಯ ಮನೆಗೆ ಬರುತ್ತಿದ್ದಳು. ಅಪ್ಪ ಸತ್ತ ಮೇಲೆ ಓದು ಬಿಟ್ಟೇಬಿಡುತ್ತೇನೆಂದು ಮೂರು ತಿಂಗಳು ಗೋಡೆ ನೋಡಿಕೊಂಡು ಮಲಗಿದ್ದವಳು, ಒಂದು ಶನಿವಾರ ಮೊಣಕಾಲೆತ್ತರದ ಹನ್ನೆರಡು ಕಳ್ಳಿ ಕುಂಡಗಳನ್ನು ಮೂರು ಗಾಲಿಯ ಗಾಡಿಯಲ್ಲಿ ಹೇರಿಕೊಂಡು ಬಂದಳು.

"ಅತ್ತೆ, ಇವು ನಿಮ್ಮ ಹಿತ್ತಿಲಲ್ಲಿ ಇರ್ಲಿ. ನನ್ನ ಪ್ರಬಂಧ ಇವೇ."

"ಊರು ತುಂಬ ಕಳ್ಳಿ ಇರುವಾಗ ಗಾಡಿಯಲ್ಲಿ ಕಳ್ಳಿ ತಂದೋಳು ನೀನೊಬ್ಳೇ ಕಣೆ."

ಯೆಸೆನಿಯಾ ನಕ್ಕಳು. ಎಷ್ಟೋ ದಿನಕ್ಕೆ ನಕ್ಕಿದ್ದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೂತು, ಅತ್ತೆ ಕುಂಬಳಕಾಯಿ ಹೆಚ್ಚುತ್ತಿರುವಾಗ, ವಿವರಿಸಿದಳು.

"ಕಳ್ಳಿ ಒಳಗಿನ ಕಹಿ ಇದೆಯಲ್ಲ, ಅದನ್ನ ಆಲ್ಕಲಾಯ್ಡ್ ಅಂತೀವಿ. ಸಾನ್ ಪೆದ್ರೊದಲ್ಲಿ ಮುಖ್ಯವಾಗಿ ಮೆಸ್ಕಲಿನ್. ಅದು ಸುಮ್ನೆ ಹುಟ್ಟಲ್ಲ ಅತ್ತೆ. ಟೈರೋಸಿನ್ ಅಂತ ಒಂದು ಸಾಮಾನಿದೆ, ನಾವು ತಿನ್ನೋ ಮಾಂಸ, ಕಾಳುಗಳಲ್ಲೂ ಇರುತ್ತೆ. ಗಿಡ ಅದನ್ನ ತಗೊಂಡು, ಒಂದು ಕಡೆ ಕತ್ತರಿಸಿ, ಇನ್ನೊಂದು ಕಡೆ ಅಂಟಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಗೆ ಮೆಸ್ಕಲಿನ್ ಮಾಡುತ್ತೆ."

"ಯಾಕಂತೆ? ನಮ್ಮ ಮಾಯೆಸ್ತ್ರೊಗೋಸ್ಕರಾನಾ?"

"ಯಾರಿಗೆ ಗೊತ್ತು? ಮೇಯೋಕೆ ಬಂದೋರಿಗೆ ಬಾಯಿ ಕಹಿಯಾಗ್ಲಿ ಅಂತ ಇರ್ಬಹುದು."

"ಪಕ್ಕದ ಮನೆ ಎವಾರಿಸ್ತೊನ ಕತ್ತೆಗೆ ಹೇಳು ಹೋಗು. ಬೇಲಿ ಸಮೇತ ತಿನ್ನುತ್ತೆ."

"ಕೇಳಿ ಇಲ್ಲಿ. ನಡುಮೆಟ್ಟಿಲಿನ ಸಾಮಾನನ್ನ ನಾನೇ ತಯಾರಾಗಿ ಇದ್ದದ್ದನ್ನ ತಂದು ಗಿಡಕ್ಕೆ ಕೊಟ್ರೆ, ಅದರ ಕೆಲಸ ಹಗುರ ಆಗುತ್ತಲ್ಲ. ಆಗ ಜಾಸ್ತಿ ಮಾಡುತ್ತಾ? ಇಲ್ಲ ಮಾಡೋದೇ ಇಷ್ಟು ಅಂತ ಸುಮ್ಮನಿರುತ್ತಾ? ಆರು ಗಿಡಕ್ಕೆ ಕೊಡ್ತೀನಿ, ಆರಕ್ಕೆ ಬರೀ ನೀರು."

"ಹಲ್ಲಿಲ್ಲದ ಮಗೂಗೆ ಅಗಿದು ಕೊಡೋ ಹಾಗೆ."

"ಹಾಗೇ ಅನ್ಕೊಳ್ಳಿ. ಆದ್ರೆ ಇವು ಯಾವುವೂ ಕುಡಿಯೋಕಲ್ಲ, ನೆನಪಿರ್ಲಿ. ನಾನು ಹಾಕಿದ್ದು ಒಳಗೆ ಹಾಗೇ ಉಳಿದಿದ್ರೆ ಒಳ್ಳೇದಲ್ಲ."

ಯಾವ ಆರಕ್ಕೆ ಕೊಟ್ಟೆ ಎಂದು ಅವಳು ಹೇಳಲಿಲ್ಲ. ಅತ್ತೆ ಭಾನುವಾರ ಚರ್ಚಿಗೆ ಹೋದಾಗ ಸಿರಿಂಜಿನಲ್ಲಿ ಬುಡಕ್ಕೆ ಕೊಟ್ಟು, ಕುಂಡಗಳಿಗೆ ಬರೀ ನಂಬರು ಬರೆದಿಟ್ಟಳು. ಓದಿದವರಿಗೆ ನಂಬರು ಬರೆದರೆ ಗುಟ್ಟು ಮುಚ್ಚಿತೆಂದು ನಂಬಿಕೆ. ಕಳ್ಳಿಯ ಜೊತೆ ಬಾಳಿದ ಹೆಂಗಸಿಗೆ ಹದಿನೈದು ದಿನ ಸಾಕಾಯಿತು: ಎರಡು, ಮೂರು, ಆರು, ಏಳು, ಹತ್ತು, ಹನ್ನೊಂದು, ಈ ಆರರ ಬುಡದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಕಟ್ಟಿತ್ತು, ಬರೀ ನೀರಿನವುಗಳ ಸೂಜಿ ಗುರುತು ಮಾಯ್ದುಹೋಗಿತ್ತು. ಒಂಬತ್ತನೆಯದು ಮಾತ್ರ ಶುರುವಿನಲ್ಲೇ ಕೊಳೆತುಹೋಯಿತು. ಯೆಸೆನಿಯಾ ಅಳುಮುಖ ಮಾಡಿದಾಗ ಎಟೆಲ್ವಿನಾ ಮಾಯೆಸ್ತ್ರೊ ಅವರ ಕತ್ತಲ ಕೋಣೆಯಿಂದ ಒಂದು ತುಂಡು ತಂದು ನೆಟ್ಟುಕೊಟ್ಟಳು. ಕಡಿದ ಕಳ್ಳಿಯನ್ನು ಬೆಳಕಿಲ್ಲದ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸಿಟ್ಟರೆ ಸತ್ವ ಏರುತ್ತದೆಂಬುದು ಈ ಕಡೆಯವರ ಮಾತು. ಆ ಕೋಣೆಯ ಕೀಲಿಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ಅಳೆಯುವ ಯಂತ್ರ ಲೀಮಾದಲ್ಲಿ, ಸರದಿ ಬರಲು ತಿಂಗಳುಗಳು ಬೇಕು. ಕಾಯಲಾರದ ಯೆಸೆನಿಯಾ ಒಂದು ಶನಿವಾರ ಬೆಳಿಗ್ಗೆ ಹನ್ನೆರಡು ಮಣ್ಣಿನ ತಟ್ಟೆಗಳಲ್ಲಿ, ಕುಂಡಗಳ ನಂಬರಿನ ಸಾಲಿನಲ್ಲೇ, ಒಂದೊಂದು ಹೋಳು ಇಟ್ಟು ಅತ್ತೆಯನ್ನು ಕೂರಿಸಿದಳು.

"ಯಂತ್ರಕ್ಕಿಂತ ನಿಮ್ಮ ನಾಲಿಗೆ ಮೊದಲು ಹೇಳ್ಲಿ. ಹತ್ತಕ್ಕೆ ಎಷ್ಟು ಕಹಿ? ಚೂರು ಕಚ್ಚಿ ಉಗುಳಿ, ನುಂಗ್ಬೇಡಿ."

ಎಟೆಲ್ವಿನಾ ಆಗಲೇ ಹೇಳಿಬಿಡಬಹುದಿತ್ತು. ಬಾಯಿಯ ತನಕ ಬಂತು ಕೂಡ. ಆದರೆ ಹುಡುಗಿ ಪುಸ್ತಕ ತೆರೆದು, ಪೆನ್ನು ಹಿಡಿದು, ಅಪ್ಪ ಬದುಕಿದ್ದಾಗಿನ ಹಾಗೆ ಕಣ್ಣರಳಿಸಿ ಕಾಯುತ್ತಿದ್ದಳು. ಎಟೆಲ್ವಿನಾ ಒಂದನೆಯ ಹೋಳು ಕಚ್ಚಿದಳು, ಕಣ್ಣು ಮುಚ್ಚಿದಳು, ಉಗುಳಿದಳು. "ಮೂರು." ಎರಡನೆಯದು ಬಂತು. ಕಪ್ಪು ಚುಕ್ಕೆಯದು. ಮುಖ ಸಿಂಡರಿಸಿ, ಮೈ ಕೊಡವಿ, "ಅಯ್ಯಪ್ಪಾ, ಎಂಟು!" ಎಂದಳು. ಯೆಸೆನಿಯಾ ಉಸಿರು ಬಿಗಿಹಿಡಿದು ಬರೆದುಕೊಂಡಳು. ಹೀಗೆ ಹನ್ನೆರಡೂ ಮುಗಿದವು. ಚುಕ್ಕೆಯಿದ್ದ ಆರಕ್ಕೂ ಏಳು, ಎಂಟು, ಒಂಬತ್ತು. ಇಲ್ಲದವಕ್ಕೆ ಮೂರು, ನಾಲ್ಕು. ಒಂಬತ್ತನೆಯದಕ್ಕೆ, ತಾನೇ ನೆಟ್ಟದ್ದಕ್ಕೆ ತಾನೇ ಹೆಚ್ಚು ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು, ಎರಡು.

ಹುಡುಗಿ ಪುಸ್ತಕ ಬಿಸಾಡಿ ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. "ಸರಿಯಾಗಿ ಅವೇ ಆರು ಅತ್ತೆ! ಅವೇ!"

ಎಟೆಲ್ವಿನಾಗೆ ಸಂತೋಷವಾಯಿತು. ನಿಜಕ್ಕೂ ಆಯಿತು. ಆ ಸಂತೋಷ ಸಂಜೆಯವರೆಗೂ ಇತ್ತು.

ಯೆಸೆನಿಯಾ ಸುಮ್ಮನಿರುವ ಹುಡುಗಿಯೇ? ಲಂಬಾಯೆಕೆಗೆ ವಾಪಸು ಹೋಗುವ ದಾರಿಯಲ್ಲಿ ಮಾಯೆಸ್ತ್ರೊಗೆ ಹೇಳಿಯೇ ಹೋದಳು. ಗುರುವಾರ ಅವರು ಎಟೆಲ್ವಿನಾಳ ಹಿತ್ತಿಲಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ಕುಂಡಗಳ ಮುಂದೆ ನಿಂತರು.

"ನಾಳೆಗೆ ಇದ್ರಲ್ಲಿ ಒಂದು ತುಂಡು ತನ್ನಿ ದೊನ್ಯಾ. ಸಾಂತಾ ರೋಸಾದಿಂದ ಒಬ್ಬ ಮೀನುಗಾರ ಬರ್ತಿದ್ದಾನೆ. ಅಬ್ದೋನ್ ಅಂತ. ದೋಣಿ ಮಗುಚಿ ಕಣ್ಣೆದುರೇ ತಮ್ಮ ಮುಳುಗಿದನಂತೆ. ಆವತ್ತಿನಿಂದ ಮಾತಿಲ್ಲ, ಸಮುದ್ರದ ಕಡೆ ಮುಖ ಮಾಡಲ್ಲ. ಅವನನ್ನೂ ಹಾಗೇ ಕಳ್ಸೋಕೆ ನನ್ನ ಕೈಲಾಗಲ್ಲ."

"ಇವು ಕುಡಿಯೋಕಲ್ಲ ಅಂದಿದ್ದಾಳೆ ಹುಡುಗಿ."

"ಹುಡುಗಿ ಪುಸ್ತಕ ನೋಡಿ ಹೇಳಿದ್ದು. ನೀವು ಬಾಯಲ್ಲಿ ಹಾಕ್ಕೊಂಡ್ರಲ್ಲ, ಏನಾದ್ರೂ ಆಯ್ತಾ? ಖಡಕ್ಕಾಗಿದೆ ಅಂದ್ರಿ. ಕೆಂಪು ದಾರ ಕಟ್ಟಿ, ಅರ್ಧ ಲೋಟವೇ ಕೊಡೋಣ. ಈ ಸಲ ಅದು ನಿಜವಾದ ಅರ್ಧ ಲೋಟ ಆಗುತ್ತೆ."

ಆಗಲ್ಲ ಎನ್ನಬೇಕಾದರೆ ಅವಳು ಎಲ್ಲವನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಏಳನೆಯ ಕುಂಡದಿಂದ ಮೊಣಕೈಯುದ್ದ ಕಡಿದು, ಸೆರಗಿನಂತೆ ಹೊದ್ದ ಶಾಲಿನಲ್ಲಿ ಸುತ್ತಿ ತಂದಳು.

ಪಾತ್ರೆ ಕುದಿಯತೊಡಗಿತು. ಅಬ್ದೋನ್ ಕಟ್ಟೆಯ ತುದಿಯಲ್ಲಿ ಕೂತಿದ್ದ. ಅಗಲ ಭುಜದ ಆಳು, ಕೈಗಳನ್ನು ಮಾತ್ರ ಎಲ್ಲಿಡಬೇಕೆಂದು ಗೊತ್ತಿಲ್ಲದವನಂತೆ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಅವನ ಹೆಂಡತಿ ಕ್ಲೋರಿಂದಾ ಸುಮ್ಮನಿರಲಾರದೆ ಒಲೆಯ ಹತ್ತಿರ ಬಂದು ಕಟ್ಟಿಗೆ ಎತ್ತಿಕೊಡುತ್ತಿದ್ದಳು.

"ಮದ್ದು ಹೆಚ್ಚಾದ್ರೆ ತಲೆ ಕೆಡುತ್ತಂತೆ, ಹೌದೇನಮ್ಮ?"

"ಅಳತೆ ತಪ್ಪಿದ್ರೆ."

"ಅಳತೆ ನಿಮ್ಮದಂತಲ್ಲ. ಬಸ್ಸಲ್ಲಿ ಒಬ್ರು ಹೇಳಿದ್ರು, ಅಲ್ಲಿ ದಾರ ಕಟ್ಟೋ ಅಮ್ಮ ಇದ್ದಾಳೆ, ಹೆದರ್ಬೇಡ ಅಂತ. ಅದಕ್ಕೇ ನನಗೆ ಧೈರ್ಯ. ಇವನೊಬ್ಬನೇ ಉಳಿದಿರೋದು ನಮ್ಮ ಮನೇಲಿ."

ಹನ್ನೆರಡು ಗಂಟೆಯಾಯಿತು. ಎಟೆಲ್ವಿನಾ ಚಮಚ ಎತ್ತಿದಳು. ಬಾಯಿಗೆ ಹಾಕಿಕೊಂಡಳು. ಬಿಸಿ, ಜಿಗುಟು. ಬೇರೇನಿಲ್ಲ. ಒಳಗೆ ಏನಿದೆಯೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ, ತನಗಂತೂ ಮೊದಲೇ ಇಲ್ಲ, ಈ ಹೆಂಗಸು ತನ್ನ ಮುಖವನ್ನೇ ನೋಡುತ್ತಿದ್ದಾಳೆ. ಎಟೆಲ್ವಿನಾ ಚಮಚ ಕೆಳಗಿಟ್ಟಳು. ಎರಡು ಬಟ್ಟೆ ಚೂರು ತೆಗೆದುಕೊಂಡು ಪಾತ್ರೆಯ ಕಿವಿ ಹಿಡಿದಳು, ಬೆಳಗಿನಿಂದ ಕುದಿದ ಕಷಾಯವನ್ನು ಇಡಿಯಾಗಿ ಬೂದಿಗುಂಡಿಗೆ ಸುರಿದುಬಿಟ್ಟಳು. ಹೊಗೆಯೂ ಆವಿಯೂ ಹಿತ್ತಿಲೆಲ್ಲ ತುಂಬಿತು.

ಮಾಯೆಸ್ತ್ರೊ ಓಡಿಬಂದರು. "ಏನಾಯ್ತು? ಕೈ ಸುಟ್ಕೊಂಡ್ರಾ?"

"ನನಗೆ ರುಚಿ ಗೊತ್ತಾಗಲ್ಲ ಮಾಯೆಸ್ತ್ರೊ."

"ಏನು?"

"ಕಹಿ, ಉಪ್ಪು, ಸಿಹಿ, ಯಾವುದೂ ಇಲ್ಲ. ಕಟ್ಟಿದ್ದೆಲ್ಲ ಅಂದಾಜಿನ ದಾರ. ಹುಡುಗಿಗೆ ಹೇಳಿದ್ದೂ ಸುಳ್ಳು, ಚುಕ್ಕೆ ನೋಡ್ಕೊಂಡು ಹೇಳಿದ್ದು."

"ಯಾವಾಗಿನಿಂದ?"

"ಫಿದೆನ್ಸಿಯೊ ಹೋದಾಗಿನಿಂದ."

ಅವರು ಬೂದಿಗುಂಡಿಯ ಕಡೆ ನೋಡಿದರು. ಹದಿನಾಲ್ಕು ತಿಂಗಳಿನ ಒಂದೊಂದು ಮುಖವೂ ಅವರ ಕಣ್ಣ ಮುಂದೆ ಬರುತ್ತಿದ್ದಿರಬೇಕು: ಅರ್ಧ ಲೋಟ ಕುಡಿದು, ಏನೂ ಆಗದೆ, ನಾಚಿಕೊಂಡು ಧನ್ಯವಾದ ಹೇಳಿ ಹೋದವರು. ಕೊನೆಗೆ, "ಕೋಣೆ ಕೀಲಿಕೈ ಇಟ್ಟು ಹೋಗು, ಎಟೆಲ್ವಿನಾ," ಎಂದರು. ಎಂದಿನ ಮರ್ಯಾದೆಯ ದೊನ್ಯಾ ಎನ್ನಲಿಲ್ಲ, ಬಹುವಚನವೂ ಇರಲಿಲ್ಲ. ಅವಳು ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟಳು. ಅಬ್ದೋನ್ ತಲೆಯೆತ್ತಿ ಅವಳನ್ನು ನೋಡಿದ. ಅವನು ಯಾರನ್ನಾದರೂ ನೇರವಾಗಿ ನೋಡಿದ್ದು ಅಂದು ಅದೊಂದೇ ಸಲ ಎಂದು ಕ್ಲೋರಿಂದಾ ಆಮೇಲೆ ಹೇಳುತ್ತಿದ್ದಳು.

ಯೆಸೆನಿಯಾಗೆ ಹೇಳುವುದು ಇನ್ನೂ ಕಷ್ಟವಿತ್ತು. ಶನಿವಾರ ಮಧ್ಯಾಹ್ನ ಹುಡುಗಿ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಗ, ಎಟೆಲ್ವಿನಾ ನಿಂತುಕೊಂಡೇ, ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ ಹೇಳಿದಳು. ಯೆಸೆನಿಯಾ ಚಮಚ ಕೆಳಗಿಟ್ಟಳು. ಪುಸ್ತಕ ತೆಗೆದಳು. ಅಳತೆಪಟ್ಟಿ ಇಟ್ಟು ಆ ಹನ್ನೆರಡು ಅಂಕಿಗಳ ಮೇಲೆ ನೆಟ್ಟಗೆ ಒಂದು ಗೀಟು ಎಳೆದಳು.

"ಬಯ್ಯೇ," ಎಂದಳು ಎಟೆಲ್ವಿನಾ.

"ಯಾವ ಬಾಯಲ್ಲಿ ಬಯ್ಯಲಿ?" ಯೆಸೆನಿಯಾ ಪುಸ್ತಕ ಮುಚ್ಚಿದಳು. "ವರ್ಷದ ಮೇಲಾಯ್ತು, ನಿಮ್ಮ ಅಡುಗೆಯಲ್ಲಿ ಉಪ್ಪು ಬಾಯಿಗಿಡೋ ಹಾಗಿಲ್ಲ. ಪ್ರತಿ ಶನಿವಾರ ಚೆನ್ನಾಗಿದೆ ಚೆನ್ನಾಗಿದೆ ಅಂತ ತಿಂದಿದ್ದೀನಿ. ತಮ್ಮ ಹೋದ ದುಃಖದಲ್ಲಿ ಕೈ ತಪ್ತಿದೆ ಅನ್ಕೊಂಡೆ, ಹೇಳೋಕೆ ಮನಸ್ಸು ಬರ್ಲಿಲ್ಲ. ನಾನು ಹೇಳಿದ್ದಿದ್ರೆ ಆವತ್ತೇ ಗೊತ್ತಾಗ್ತಿತ್ತು."

ಎಟೆಲ್ವಿನಾ ಕುರ್ಚಿ ಎಳೆದುಕೊಂಡು ಕೂತಳು. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಹೇಳಿದ ಸುಳ್ಳುಗಳನ್ನು ಇಬ್ಬರೂ ಆ ಮೇಜಿನ ಮೇಲೆ ಹರವಿಕೊಂಡು, ಸ್ವಲ್ಪ ಅತ್ತರು, ಸ್ವಲ್ಪ ನಕ್ಕರು. ಸಾರು ಆರಿಹೋಯಿತು, ಅದನ್ನು ಯಾರೂ ಕುಡಿಯಲಿಲ್ಲ.

ಲೀಮಾದ ಯಂತ್ರ ಆಗಸ್ಟಿನಲ್ಲಿ ಬಾಯಿಬಿಟ್ಟಿತು. ಯೆಸೆನಿಯಾ ಕಾಗದ ಹಿಡಿದುಕೊಂಡು ಬಂದಳು.

"ವ್ಯತ್ಯಾಸ ಇಲ್ಲ ಅತ್ತೆ. ಸಾಮಾನು ಕೊಟ್ಟವೂ ಅಷ್ಟೇ, ಕೊಡದವೂ ಅಷ್ಟೇ. ಕೊಟ್ಟದ್ದರಲ್ಲಿ ಚೂರೇ ಚೂರು ಮೇಲಿನ ಮೆಟ್ಟಿಲು ಹತ್ತಿದೆ. ಉಳಿದದ್ದು ಅರ್ಧಂಬರ್ಧ ಆಗಿ ಅಲ್ಲೇ ಕೂತಿದೆ."

ಎಟೆಲ್ವಿನಾ ಯೋಚಿಸಿದಳು. "ಹಿಟ್ಟು ಎಷ್ಟು ತಂದು ಸುರಿದರೇನು, ಸುಡೋ ಒಲೆ ಒಂದೇ ಇದ್ರೆ?"

"ನನ್ನ ಮೇಷ್ಟ್ರು ಇದನ್ನ ಹೇಳೋಕೆ ಮೂರು ಪುಟ ತಗೊಂಡ್ರು," ಎಂದಳು ಯೆಸೆನಿಯಾ. "ಹಾಗಂತ ಆಗೋದೇ ಇಲ್ಲ ಅಂತಲೂ ಅಲ್ಲ. ಆರು ಗಿಡದಲ್ಲಿ, ಒಂದು ಅಳತೆಯಲ್ಲಿ, ನನಗೆ ಆಗ್ಲಿಲ್ಲ, ಅಷ್ಟೇ ಹೇಳಬಹುದು. ಇನ್ನೊಂದು ಕೇಳಿ. ಆ ಏಳನೇ ಗಿಡದಲ್ಲಿ ನಾನು ಹಾಕಿದ್ದು ಹಾಗೇ ತುಂಬ ಉಳಿದಿತ್ತು. ಅದನ್ನ ಕುಡಿದ್ರೆ ರಕ್ತದೊತ್ತಡ ಏರಬಹುದು. ನೀವು ಸುರಿದದ್ದು ಒಳ್ಳೇದೇ ಆಯ್ತು."

ಎಟೆಲ್ವಿನಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಮೆಸ್ಕಲಿನ್ ಎಲ್ಲಕ್ಕಿಂತ ಜಾಸ್ತಿ ಯಾವುದರಲ್ಲಿತ್ತು ಗೊತ್ತಾ? ಒಂಬತ್ತರಲ್ಲಿ. ನಿಮ್ಮ ಕತ್ತಲ ಕೋಣೆದು. ನೀವು ಅದಕ್ಕೆ ಎರಡು ಕೊಟ್ಟಿದ್ರಿ."

"ನಾನು ಹೇಳ್ಲಿಲ್ವಾ, ಕತ್ತಲಲ್ಲಿ ಇಟ್ರೆ..."

"ಒಂದೇ ಗಿಡ ನೋಡಿ ಏನೂ ಹೇಳೋಕಾಗಲ್ಲ. ಮೊದಲಿಂದಲೇ ಹಾಗಿತ್ತೋ ಏನೋ. ಪ್ರಬಂಧದಲ್ಲಿ ಹಾಗೇ ಬರೀತೀನಿ. ರುಚಿ ನೋಡಿದ ವಿಷಯಾನೂ ಬರೀತೀನಿ: ನೋಡಿದವರಿಗೆ ಯಾವ ಕುಂಡ ಯಾವುದೆಂದು ಗೊತ್ತಿತ್ತು, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಂತ."

"ನನ್ನ ಹೆಸರು ಹಾಕ್ತೀಯಾ?"

"ಇಲ್ಲಪ್ಪ. ಯಾಕೆ ಹಾಕ್ಲಿ?"

"ಹಾಕು. ಅಲ್ಲೊಂದು ಕಡೆಯಾದ್ರೂ ನಿಜ ಇರ್ಲಿ."

ಸೆಪ್ಟೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಮಾಯೆಸ್ತ್ರೊ ಅವಳ ಬಾಗಿಲಿಗೆ ಬಂದರು. ನಡುವೆ ಕಷಾಯ ಕುದಿಸಲು ಇಬ್ಬರು ಹೊಸಬರು ಬಂದು ಹೋಗಿದ್ದರು. ಒಬ್ಬಳ ಕಷಾಯ ಕುಡಿದವರು ಎರಡು ದಿನ ವಾಂತಿ ಮಾಡಿಕೊಂಡರೆಂದು ಊರಿಗೆಲ್ಲ ಗೊತ್ತಿತ್ತು. ಮಾಯೆಸ್ತ್ರೊ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಟೋಪಿ ತಿರುಗಿಸುತ್ತ, "ಅಬ್ದೋನ್ ಮತ್ತೆ ಬಂದಿದ್ದಾನೆ," ಎಂದರು. "ಬೆಳಿಗ್ಗೆಯಿಂದ ಕುದಿಸ್ತಿದ್ದೀನಿ. ನಮ್ಮ ಹಿತ್ತಿಲ ಕಳ್ಳೀನೇ. ಯಾವ ದಾರ ಅಂತ ಗೊತ್ತಾಗ್ತಿಲ್ಲ."

"ನನಗೂ ಗೊತ್ತಾಗಲ್ಲ ಮಾಯೆಸ್ತ್ರೊ. ರುಚಿ ಬಂದಿಲ್ಲ."

"ನಾಲಿಗೆ ನನಗಿದೆ. ಕಹಿ ಅನ್ನೋದು ಬಿಟ್ಟು ಅದೇನು ಹೇಳುತ್ತೋ ನನಗೆ ತಿಳಿಯಲ್ಲ. ನೀವು ಬಂದು ನನ್ನ ನಾಲಿಗೇನ ಕೇಳಿ, ದೊನ್ಯಾ."

ಅವಳು ಟೋಪಿ ಹಾಕಿಕೊಂಡು ಹೊರಟಳು.

ಒಲೆಯ ಮುಂದೆ ಅವರನ್ನು ಕೂರಿಸಿ ಚಮಚ ಕೈಗೆ ಕೊಟ್ಟಳು. ಜೀವಮಾನವೆಲ್ಲ ಊರಿಗೆಲ್ಲ ಕುಡಿಸಿದ ಮನುಷ್ಯ. ಬಿಸಿ ಕಷಾಯ ನಾಲಿಗೆಗೆ ತಾಗುತ್ತಲೇ ಮಗುವಿನ ಹಾಗೆ ಕೈಕಾಲು ಬಡಿದರು. ಕಣ್ಣಲ್ಲಿ ನೀರು ಬಂತು.

"ಉಗುಳ್ಬೇಡಿ! ಎಲ್ಲಿ ಕಹಿ? ತುದೀಲೋ, ಬುಡದಲ್ಲೋ?"

"ಎಲ್ಲ ಕಡೆ!"

"ಎಲ್ಲ ಕಡೆ ಅನ್ನೋದಿಲ್ಲ. ಮೊದಲು ಎಲ್ಲಿ?"

"ತುದಿ... ತುದಿ."

"ಈಗ ಉಗುಳಿ. ಎಣಿಸಿ. ಯಾವಾಗ ಹೋಗುತ್ತೆ ಹೇಳಿ."

ಅವರು ಬೆರಳು ಮಡಿಚುತ್ತ ಎಣಿಸಿದರು. ಏಳಕ್ಕೆ ತಲೆಯಾಡಿಸಿದರು. ಗಂಟಲು ಬಿಗಿಯಿತೇ? ಇಲ್ಲ. ಜೊಲ್ಲು ತೆಳ್ಳಗಿದೆಯೋ ದಾರ ಬಿಡುತ್ತಿದೆಯೋ? ತೆಳ್ಳಗೆ. ಒಸಡು ಜುಮ್ಮೆನ್ನುತ್ತಿದೆಯೇ? ಇಲ್ಲ. ನೀರು ಕುಡಿಸಿ ಬಾಯಿ ಮುಕ್ಕಳಿಸಿ ಎರಡನೆಯ ಸಲ, ಮೂರನೆಯ ಸಲ ಅದನ್ನೇ ಕೇಳಿದಳು. ಪ್ರಶ್ನೆಗಳು ಅವಳಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ ಬರುತ್ತಿದ್ದವು. ಮೂವತ್ತನಾಲ್ಕು ವರ್ಷ ಕಣ್ಣು ಮುಚ್ಚಿ ತನ್ನನ್ನು ತಾನು ಕೇಳಿಕೊಂಡಿದ್ದೇ ಇವು. ನಾಲಿಗೆ ಸತ್ತಿತ್ತು, ಇವು ಸತ್ತಿರಲಿಲ್ಲ.

ಕಹಿ ತುದಿಯಲ್ಲೇ ನಿಂತು ಏಳಕ್ಕೆ ಬಿಟ್ಟುಹೋದರೆ, ಗಂಟಲು ಬಿಗಿಯದಿದ್ದರೆ, ಅದು ಸಾಧಾರಣ. ಅವಳಿಗದು ಗೊತ್ತಿತ್ತು. ಆದರೂ ಸೀಸೆ ಮುಂದಿಟ್ಟುಕೊಂಡಾಗ ಅವಳ ಕೈ ಅಭ್ಯಾಸಬಲದಿಂದ ಕೆಂಪು ದಾರದ ಕಡೆಗೇ ಹೋಯಿತು. ಅದನ್ನು ಕಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ, ಬೈಯುವವರಿಲ್ಲ. ಕಟ್ಟೆಯ ತುದಿಯಲ್ಲಿ ಅಬ್ದೋನ್ ಅಂದಿನ ಹಾಗೆಯೇ ಕೈ ಅಂಗಾತ ಮಾಡಿಕೊಂಡು ಕೂತಿದ್ದ. ಎಟೆಲ್ವಿನಾ ಬಿಳಿ ದಾರ ಎತ್ತಿಕೊಂಡಳು. ಗಂಟು ಎರಡು ಸಲ ಜಾರಿತು. ಮೂರನೆಯ ಸಲ ಬಿಗಿದಳು.

"ತುಂಬು ಲೋಟ," ಎಂದಳು ಎಲ್ಲರಿಗೂ ಕೇಳುವ ಹಾಗೆ.

ಆ ರಾತ್ರಿ ಅವಳು ಗೊರಕೆ ಹೊಡೆದಳೋ ಇಲ್ಲವೋ ಹೇಳಲು ಯಾರೂ ಇರಲಿಲ್ಲ. ಬೆಳಗಾಗುವ ಹೊತ್ತಿಗಂತೂ ಸಾರು ಕುದಿಸಿಟ್ಟುಕೊಂಡು ಬಾಗಿಲು ತೆರೆದು ಕೂತಿದ್ದಳು, ಮದ್ದು ಕುಡಿದು ಪಥ್ಯ ಬಿಡುವವರ ಮೊದಲ ಊಟ ತನ್ನ ಮನೆಯಲ್ಲೇ ಆಗಲೆಂದು ಹೇಳಿಕಳಿಸಿದ್ದಳು. ಎಂಟರ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ನಡೆದುಕೊಂಡು ಬಂದರು. ಅಬ್ದೋನ್‌ನ ಕಣ್ಣುಗಳು ಅತ್ತು ಅತ್ತು ಬಾತಿದ್ದವು. ಕ್ಲೋರಿಂದಾ ಎಟೆಲ್ವಿನಾಳ ಕೈ ಹಿಡಿದುಕೊಂಡಳು. ಅವನು ಮೇಜಿನ ಮುಂದೆ ಕೂತ. ಬಟ್ಟಲು ಹತ್ತಿರಕ್ಕೆ ಎಳೆದುಕೊಂಡ. ಒಂದು ಚಮಚ ಕುಡಿದ, ಇನ್ನೊಂದು ಕುಡಿದ, ಹುಬ್ಬು ಗಂಟಿಕ್ಕಿ ಬಟ್ಟಲನ್ನೇ ನೋಡಿದ.

"ಉಪ್ಪು ಜಾಸ್ತಿ ಆಗಿದೆಯಮ್ಮ," ಎಂದ.

ಕ್ಲೋರಿಂದಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಎಟೆಲ್ವಿನಾಗೆ ಅಳು ಉಕ್ಕಿ ಬಂತು, ತಡೆಯಲಿಲ್ಲ. ಅಳುತ್ತಲೇ ಒಲೆಯ ಮೇಲಿದ್ದ ಬಿಸಿನೀರು ತಂದು ಅವನ ಬಟ್ಟಲಿಗೆ ಒಂದು ಸೌಟು ಹಾಕಿ, "ಈಗ ನೋಡಪ್ಪ," ಎಂದಳು. "ಸಾಕಾ? ಇನ್ನೊಂದು ಹಾಕ್ಲಾ? ಸರಿಯಾಗಿ ಹೇಳು."